ಕಾಯದೆಯ ವ್ಯಾಸಂಗದಲ್ಲಿ ವೇಳೆಯ ಪಾಳಿ

(ನಿಡಸೋಸಿಯಲ್ಲಿ ಕೂಡಿದ್ದ ವಿದ್ಯಾರ್ಥಿಗಳ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾಯದೆಯ ವ್ಯಾಸಂಗದಲ್ಲಿ ತೊಡಗಿರುವ ನಮ್ಮ ಭಾಗದ ತರುಣ-ತರುಣಿಯರಿಗೆ ನಾಲ್ಕು ಹಿತದ ಮಾತುಗಳನ್ನು ಹೇಳಬೇಕೆಂದು ಈ ಊರ ಹಿರಿಯರು ನನಗೆ ಅಪ್ಪಣೆ ಮಾಡಿದ್ದಾರೆ. ಶ್ರೀ ದುರದುಂಡೀಶ್ವರ ಮಠದ ನೆರಳಿನಲ್ಲಿ ಬೆಳೆದ ನಿಡಸೋಸಿಗೆ ವಿದ್ಯೆಯ ಮಾತು ಹೊಸದಲ್ಲ. 1996ರಿಂದ ಇಲ್ಲಿ ಇಂಜಿನಿಯರಿಂಗ ಕಾಲೇಜು ನಡೆಯುತ್ತಲಿದೆ. ಆದರೆ ಕಾಯದೆ ಕಲಿಯಬೇಕೆಂಬ ಮಕ್ಕಳಲ್ಲಿ ಬಹುಜನರು ಇಂದಿಗೂ ಸಂಕೇಶ್ವರದಲ್ಲಿ ಬಸ್ಸು ಹತ್ತಿ ಬೆಳಗಾವಿಯ ದಾರಿಯನ್ನು ಹಿಡಿಯುತ್ತಾರೆ. ಅವರು ಅಲ್ಲಿ ಯಾವ ಪುಸ್ತಕ ಓದಬೇಕೆಂಬದನ್ನು ಹೇಳಲು ಪ್ರಾಧ್ಯಾಪಕರಿದ್ದಾರೆ. ಎಷ್ಟು ಹೊತ್ತು ಓದಬೇಕು, ಎಷ್ಟು ಹೊತ್ತು ಮಲಗಬೇಕು, ಮನಸ್ಸು ಕುಸಿದಾಗ ಯಾರ ಬಳಿಗೆ ಹೋಗಬೇಕು ಎಂಬದನ್ನು ಮಾತ್ರ ಯಾವ ಪಠ್ಯಕ್ರಮವೂ ಹೇಳುವದಿಲ್ಲ. ನಾನು ಇಂದು ಮಾತಾಡಲಿರುವದು ಇದನ್ನು ಕುರಿತು.

ವಿಷಯವು ಸಣ್ಣದೆಂದು ಕೆಲವರಿಗೆ ತೋರಬಹುದು. "ಓದುವ ಹುಡುಗನಿಗೆ ಓದುವದೊಂದೇ ಕೆಲಸ, ಅದರಲ್ಲಿ ವೇಳೆಯ ಲೆಕ್ಕವೇಕೆ?" ಎಂದು ಕೇಳುವ ತಂದೆಗಳು ನಮ್ಮಲ್ಲಿ ಇದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೇ: ಹೊಲಕ್ಕೆ ನೀರು ಹಾಯಿಸುವವನು ನೀರಿನ ಲೆಕ್ಕವನ್ನು ಇಡುವದಿಲ್ಲವೇ? ನಮ್ಮ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಜಲಾಶಯವು ಸುಮಾರು 51 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲದು. ಆ ನೀರನ್ನೆಲ್ಲ ಒಂದೇ ವಾರದಲ್ಲಿ ಕಾಲುವೆಗೆ ಬಿಟ್ಟರೆ ಬೆಳೆ ಬರುವದೇ? ಹೊಲ ಕೊಚ್ಚಿಹೋಗುವದು, ಮುಂದಿನ ತಿಂಗಳು ಬಾಯಾರುವದು. ಪಾಳಿಯಿಂದ ಬಿಟ್ಟ ನೀರು ಬೆಳೆಯನ್ನು ತರುತ್ತದೆ. ಮನುಷ್ಯನ ವೇಳೆಯೂ, ಮನುಷ್ಯನ ಶಕ್ತಿಯೂ ಹಾಗೆಯೇ. ಆ ಜಲಾಶಯವೂ, ಬೆಳಗಾವಿಯ ಕಾಯದೆಯ ಕಾಲೇಜೂ ವಂಟಮುರಿಯ ರಾಜಾ ಲಖಮಗೌಡರ ಒಂದೇ ಹೆಸರನ್ನು ಹೊತ್ತಿರುವದು ನಮ್ಮ ಭಾಗದ ಭಾಗ್ಯ. ಒಂದರ ಪಾಠವನ್ನು ಇನ್ನೊಂದರಲ್ಲಿ ಕಲಿಯೋಣ.

ಹಿಂದಿನ ಕಾಲವನ್ನು ಸ್ವಲ್ಪ ನೆನೆಯಿರಿ. 1939ರಲ್ಲಿ ಬೆಳಗಾವಿಯಲ್ಲಿ ಆ ಕಾಲೇಜು ಹುಟ್ಟುವ ಮೊದಲು ನಮ್ಮ ಕಡೆಯ ತರುಣನು ಕಾಯದೆಗಾಗಿ ಪುಣೆ-ಮುಂಬಯಿಗಳನ್ನು ಕಾಣಬೇಕಾಗಿತ್ತು. ಕರ್ನಾಟಕದ ಏಕೀಕರಣಕ್ಕೆ ಬಾಳನ್ನೇ ತೆತ್ತ ಆಲೂರ ವೆಂಕಟರಾಯರು ಹಾಗೆ ಹೊರಗೆ ಹೋಗಿ ಕಲಿತು ಧಾರವಾಡದಲ್ಲಿ ವಕೀಲರಾದವರು. ಪರಸ್ಥಳ, ಪರಭಾಷೆ, ಪರರ ಖಾನಾವಳಿಯ ಅನ್ನ, ಇವುಗಳ ನಡುವೆ ಆ ತಲೆಮಾರಿನವರು ಓದಿದರು. ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿದ್ದು 1949ರಲ್ಲಿ. ಹುಬ್ಬಳ್ಳಿಯಲ್ಲಿ ಕಾಯದೆಗೆಂದೇ ಒಂದು ರಾಜ್ಯ ವಿಶ್ವವಿದ್ಯಾಲಯವಾದದ್ದು 2009ರಲ್ಲಿ. ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ನ್ಯಾಯದೇವತೆಯು ಹಂತಹಂತವಾಗಿ ನಮ್ಮ ಹೊಸ್ತಿಲಿಗೆ ಬಂದಿದ್ದಾಳೆ. ಇಷ್ಟು ಸಮೀಪಕ್ಕೆ ಬಂದ ವಿದ್ಯೆಯನ್ನು ನಮ್ಮ ಮಕ್ಕಳು ದೇಹ ಕೆಡಿಸಿಕೊಂಡು, ಮನಸ್ಸು ಮುರಿದುಕೊಂಡು ಕಳೆದುಕೊಳ್ಳಬಾರದೆಂಬದೇ ನನ್ನ ಕಳಕಳಿ.

ಕಾಯದೆಯ ವ್ಯಾಸಂಗವು ಉಳಿದ ವ್ಯಾಸಂಗಗಳಿಗಿಂತ ಯಾವ ಬಗೆಯಲ್ಲಿ ಭಾರವಾದದ್ದು? ಮೊದಲನೆಯದಾಗಿ ಅದರ ವಿಸ್ತಾರ. ನಮ್ಮ ಸಂವಿಧಾನವು ಅಂಗೀಕಾರವಾದಾಗಲೇ ಅದರಲ್ಲಿ 395 ಅನುಚ್ಛೇದಗಳಿದ್ದವು. ದಿವಾಣಿ ವ್ಯವಹಾರದ 1908ರ ಸಂಹಿತೆಯಲ್ಲಿ 158 ಕಲಮುಗಳು, ಅವುಗಳ ಬೆನ್ನಿಗೆ 51 ಆದೇಶಗಳು. ಎರಡನೆಯದಾಗಿ ಅದರ ಪರಿವರ್ತನೆ. 1860ರ ದಂಡಸಂಹಿತೆಯನ್ನು ಅದರ 511 ಕಲಮುಗಳೊಡನೆ ನಮ್ಮ ಅಜ್ಜಂದಿರೂ ಓದಿದರು, ನಮ್ಮ ತಂದೆಯವರೂ ಓದಿದರು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆಯು ಬಂದಿದೆ. ಕೊಲೆಗೆ ಶಿಕ್ಷೆ ಹೇಳುವ 302ನೆಯ ಕಲಮು 103 ಆಯಿತು. ಊರಮಂದಿಯ ನಾಲಗೆಯ ಮೇಲೆ ಕುಳಿತಿದ್ದ 420 ಎಂಬುದು 318ರಲ್ಲಿ ಅಡಗಿತು. ಆದರೆ ಆ ತಾರೀಖಿನ ಹಿಂದೆ ನಡೆದ ಅಪರಾಧಗಳ ಖಟ್ಲೆಗಳು ಹಳೆಯ ಸಂಹಿತೆಯಂತೆಯೇ ನಡೆಯುವವು. ಹೀಗಾಗಿ ಇಂದಿನ ವಿದ್ಯಾರ್ಥಿಯು ಹಳೆಯದನ್ನು ಬಿಡುವಂತಿಲ್ಲ, ಹೊಸದನ್ನು ಹಿಡಿಯದೆ ಇರುವಂತಿಲ್ಲ. ಅವನ ಹೆಗಲ ಮೇಲೆ ಎರಡು ನೊಗ.

ಮೂರನೆಯದು ಭಾಷೆ. ಇದನ್ನು ನಾನು ವಿಶೇಷವಾಗಿ ಹೇಳಬಯಸುತ್ತೇನೆ. ಹತ್ತನೆಯ ಇಯತ್ತೆಯವರೆಗೆ, ಕೆಲವೊಮ್ಮೆ ಪದವಿಯವರೆಗೆ ಕನ್ನಡದಲ್ಲಿ ಕಲಿತ ಹುಡುಗನು ಏಕಾಏಕಿ ಇಂಗ್ಲಿಷಿನ ಕಲಮಿನ ಎದುರು ಕುಳಿತಾಗ, ಪಟ್ಟಣದ ಇಂಗ್ಲಿಷ ಶಾಲೆಯ ಹುಡುಗನು ಅರ್ಧ ತಾಸಿನಲ್ಲಿ ಮುಗಿಸಿದ ಪುಟಕ್ಕೆ ಇವನಿಗೆ ಒಂದೂವರೆ ತಾಸು ಬೇಕಾಗುತ್ತದೆ. ಇವನು ಅದನ್ನು ಬುದ್ಧಿಯ ಕೊರತೆಯೆಂದು ಬಗೆದು ಕುಗ್ಗುತ್ತಾನೆ. ಅದು ಬುದ್ಧಿಯ ಕೊರತೆಯಲ್ಲ, ಭಾಷೆಯು ಎತ್ತಿದ ಸುಂಕ. ಸುಂಕವನ್ನು ಅರಿತವನು ಅದಕ್ಕೆ ತಕ್ಕ ವೇಳೆಯನ್ನು ಮೊದಲೇ ತೆಗೆದಿಡುತ್ತಾನೆ. ಅರಿಯದವನು ರಾತ್ರಿಯ ನಿದ್ದೆಯಿಂದ ಅದನ್ನು ತೆರುತ್ತಾನೆ. ಇದರ ಪರಿಹಾರವೇನು? ಪ್ರತಿ ಕಲಮನ್ನೂ ಓದಿದ ಮೇಲೆ ಪುಸ್ತಕವನ್ನು ಮುಚ್ಚಿ, ನಿಮ್ಮ ಮನೆಯ ಹಿರಿಯರಿಗೆ ತಿಳಿಯುವಂತೆ ಅದರ ತಾತ್ಪರ್ಯವನ್ನು ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಬರೆಯಲು ಬಂದರೆ ತಿಳಿಯಿತು, ಬರದಿದ್ದರೆ ತಿಳಿದಿಲ್ಲ. ಮುಂದೆ ಹುಕ್ಕೇರಿಯ ನ್ಯಾಯಾಲಯದಲ್ಲಿ ನಿಮ್ಮ ಪಕ್ಷಕಾರನು ಕನ್ನಡದಲ್ಲಿಯೇ ಗೋಳು ಹೇಳಿಕೊಳ್ಳುವನು. ಸಾಕ್ಷಿದಾರನು ಕನ್ನಡದಲ್ಲಿಯೇ ನುಡಿಯುವನು. ಕನ್ನಡದಲ್ಲಿ ವಿಚಾರ ಮಾಡಬಲ್ಲ ವಕೀಲನಿಗೆ ಅಲ್ಲಿ ನಷ್ಟವಿಲ್ಲ.

ಈಗ ವೇಳೆಯ ಲೆಕ್ಕಕ್ಕೆ ಬರೋಣ. ವಾರವೆಂಬದು 168 ತಾಸುಗಳ ಬಂಡವಾಳ. ಬಡವನಿಗೂ ಧನಿಕನಿಗೂ ಇದು ಸಮಾನ. ಇದರಲ್ಲಿ ಸಾಲ ಸಿಗುವದಿಲ್ಲ. ಊರಿನಿಂದಲೇ ಬೆಳಗಾವಿಗೆ ಹೋಗಿಬರುವ ಒಬ್ಬ ವಿದ್ಯಾರ್ಥಿಯ ವಾರವನ್ನು ಲೆಕ್ಕ ಹಾಕುವೆ. ದಿನಕ್ಕೆ ಏಳೂವರೆ ತಾಸಿನ ನಿದ್ದೆಯೆಂದರೆ ವಾರಕ್ಕೆ 52½ ತಾಸು. ಬಾರ್ ಕೌನ್ಸಿಲಿನ 2008ರ ನಿಯಮಗಳು ವಾರಕ್ಕೆ 30 ತಾಸಿಗೆ ಕಡಿಮೆಯಿಲ್ಲದ ಪಾಠವನ್ನು ವಿಧಿಸಿವೆ, ಅದು 30. ಸಂಕೇಶ್ವರದಿಂದ ಬೆಳಗಾವಿಗೆ ಸುಮಾರು 50 ಕಿಲೋಮೀಟರು. ಬಸ್ಸನ್ನು ಕಾಯುವದು ಸೇರಿ ಹೋಗಿಬರಲು ಮೂರು ತಾಸೆಂದರೆ ಆರು ದಿನಕ್ಕೆ 18. ಸ್ನಾನ, ಊಟ, ಇತರ ದೇಹಕೃತ್ಯಗಳಿಗೆ ದಿನಕ್ಕೆ ಎರಡೂವರೆ ತಾಸಿನಂತೆ 17½. ಇವೆಲ್ಲ ಕೂಡಿ 118 ತಾಸುಗಳಾದವು. ಉಳಿದದ್ದು 50. ರೈತನ ಮನೆಯ ಮಗನು ಮನೆಗೆಲಸವನ್ನು ಪೂರ್ತಿ ಬಿಡಲಾರ. ಅದಕ್ಕೆ 12 ತಾಸು ಕೊಡಿರಿ. ದೇಹದ ವ್ಯಾಯಾಮಕ್ಕೆ ದಿನಕ್ಕೊಂದು ತಾಸಿನಂತೆ 7 ಕೊಡಿರಿ. ಗೆಳೆಯರ ಸಂಗ, ಸಂಗೀತ, ಭಜನೆ, ಸುಮ್ಮನೆ ಕೂಡ್ರುವದು, ಇವುಗಳಿಗೂ ಒಂದು 7 ತಾಸು ಕೊಡಿರಿ. ಇನ್ನೂ 24 ತಾಸುಗಳು ನಿಮ್ಮ ಕೈಯಲ್ಲಿ ಉಳಿದವು. ಅಂದರೆ ದಿನಕ್ಕೆ ನಾಲ್ಕು ತಾಸಿನಂತೆ ಆರು ದಿನದ ಓದು, ಏಳನೆಯ ದಿನ ವಿಶ್ರಾಂತಿ.

"ನಾಲ್ಕೇ ತಾಸೇ?" ಎಂದು ಹುಬ್ಬೇರಿಸಬೇಡಿರಿ. ಅದೇ ನಿಯಮಗಳ ಪ್ರಕಾರ ಮೂರು ವರ್ಷದ ತರಗತಿಗೆ ಒಂದು ಷಣ್ಮಾಸಿಕವು 15 ವಾರಕ್ಕೆ ಕಡಿಮೆಯಿರಬಾರದು. 15 ವಾರಕ್ಕೆ ವಾರಕ್ಕೆ 24ರಂತೆ 360 ತಾಸುಗಳಾಗುತ್ತವೆ; ಐದು ವಿಷಯಗಳಿದ್ದರೆ ಒಂದೊಂದಕ್ಕೆ 72. ಇನ್ನು ಆರಂಭದ ದಿನಗಳನ್ನೆಲ್ಲ ಕಳೆದು, ಪರೀಕ್ಷೆ ಒಂದು ತಿಂಗಳಿದೆ ಎಂದಾಗ ಎಚ್ಚತ್ತು ದಿನಕ್ಕೆ 12 ತಾಸು ಓದುವವನನ್ನು ನೋಡಿರಿ. ಅವನದೂ 30 ದಿನಕ್ಕೆ 360 ತಾಸುಗಳೇ! ಮೊತ್ತವು ಒಂದೇ, ಫಲವು ಒಂದೇ ಅಲ್ಲ. ಗರಡಿಯ ಜಟ್ಟಿಯು ವರ್ಷವಿಡೀ ದಿನಾಲು ಹೊಡೆಯಬೇಕಾದ ಬೈಠಕ್ಕುಗಳನ್ನು ಕುಸ್ತಿಯ ಹಿಂದಿನ ವಾರದಲ್ಲಿಯೇ ಹೊಡೆದು ಮುಗಿಸುವೆನೆಂದರೆ ಅವನು ಅಖಾಡಕ್ಕೆ ಇಳಿಯಲಾರ, ಹಾಸಿಗೆಗೆ ಇಳಿದಾನು.

ಇದು ಬರಿ ಉಪಮೆಯ ಮಾತಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲಿನ ಕೆಲವು ತಾಸುಗಳಲ್ಲಿಯೇ ಹೆಚ್ಚಾಗಿ ಸೋರಿಹೋಗುತ್ತದೆಂದೂ, ದಿನಗಳನ್ನು ಬಿಟ್ಟು ಬಿಟ್ಟು ಮಾಡಿದ ಪುನರಾವೃತ್ತಿಯು ಒಂದೇ ಸಲದ ಉರು ಹೊಡೆತಕ್ಕಿಂತ ಮೇಲೆಂದೂ 1885ರಲ್ಲಿಯೇ ಪ್ರಕಟಿಸಿದನು. ಅಮೇರಿಕದ ರೋಡಿಗರ್ ಹಾಗೂ ಕಾರ್ಪಿಕೆ ಎಂಬವರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇನ್ನೂ ಬೋಧಪ್ರದವಾಗಿದೆ. ಒಂದು ಪಾಠವನ್ನು ಕೆಲವರು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಆಮೇಲೆ ಪುಸ್ತಕವಿಲ್ಲದೆ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದು: ಅವರಿಗೆ ನೂರಕ್ಕೆ 81, ಇವರಿಗೆ 75. ಆದರೆ ಒಂದು ವಾರದ ತರುವಾಯ ನೋಡಲಾಗಿ ಓದಿದವರಲ್ಲಿ ಉಳಿದದ್ದು 42, ನೆನೆದು ಬರೆದವರಲ್ಲಿ 56. ಮತ್ತೆ ಮತ್ತೆ ಓದಿದಾಗ "ನನಗೆ ಬರುತ್ತದೆ" ಎಂಬ ಭ್ರಮೆಯು ಬೆಳೆಯುತ್ತದೆ; ನೆನೆದು ಬರೆದಾಗ ವಿದ್ಯೆ ಬೆಳೆಯುತ್ತದೆ. ಆದ್ದರಿಂದ ನಿಮ್ಮ ನಾಲ್ಕು ತಾಸುಗಳಲ್ಲಿ ಒಂದನ್ನಾದರೂ ಪುಸ್ತಕ ಮುಚ್ಚಿ ಬರೆಯುವದಕ್ಕೆ ಮೀಸಲಿಡಿರಿ. ಇಂದು ಓದಿದ ಕರಾರಿನ ಕಾಯದೆಯನ್ನು ನಾಳೆ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ನೆನೆಯಿರಿ. ಬಸ್ಸಿನ ಮೂರು ತಾಸುಗಳಲ್ಲಿ ಓದಲು ಕಣ್ಣಿಗೆ ಕಷ್ಟವಾದೀತು, ನೆನೆಯಲು ಯಾವ ಕಷ್ಟವೂ ಇಲ್ಲ. ವಂಟಮುರಿಯ ಘಟ್ಟವನ್ನು ಬಸ್ಸು ಏರಿ ಮುಗಿಸುವದರೊಳಗೆ ನಿನ್ನಿನ ಒಂದು ನಿರ್ಣಯದ ಸಂಗತಿ, ಪ್ರಶ್ನೆ, ತೀರ್ಪು, ಕಾರಣ, ಈ ನಾಲ್ಕನ್ನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಬಹುದು.

ಈ ವಿಷಯದಲ್ಲಿ ಒಬ್ಬ ಕಾಯದೆಯ ವಿದ್ಯಾರ್ಥಿಯ ಉದಾಹರಣೆಯನ್ನು ಕೊಡುವೆನು. ಅವನು 1888ರಲ್ಲಿ ಕಾಠೇವಾಡದಿಂದ ಲಂಡನ್ನಿಗೆ ಹೋದ ಹದಿನೆಂಟರ ಹುಡುಗ. ಆಗಿನ ಬ್ಯಾರಿಸ್ಟರ ಪರೀಕ್ಷೆಯು ಸುಲಭವೆಂದು ಹೆಸರಾಗಿತ್ತು. ರೋಮನ್ ಕಾಯದೆಗೆ ಟಿಪ್ಪಣಿಗಳನ್ನು ಎರಡು ವಾರ ಉರು ಹೊಡೆದರೆ ಸಾಕಾಗುತ್ತಿತ್ತಂತೆ. ಈ ಹುಡುಗನು ಮೂಲಗ್ರಂಥಗಳನ್ನೇ ಓದುವೆನೆಂದು ಹಟ ಹಿಡಿದು, ರೋಮನ್ ಕಾಯದೆಯನ್ನು ಲ್ಯಾಟಿನ್ನಿನಲ್ಲಿ ಓದಿದನು. ಇಂಗ್ಲೆಂಡಿನ ಸಾಮಾನ್ಯ ಕಾಯದೆಗೆ ಒಂಬತ್ತು ತಿಂಗಳನ್ನು ಕೊಟ್ಟನು. ಆದರೆ ಅದರೊಡನೆಯೇ ದಿನಾಲು ಎಂಟು-ಹತ್ತು ಮೈಲು ನಡೆದನು. ಖರ್ಚಿನ ಕಾಸುಕಾಸಿಗೂ ಲೆಕ್ಕವಿಟ್ಟನು. ಸಾದಾ ಅಡಿಗೆಯನ್ನು ಮಾಡಿಕೊಂಡು ಉಂಡನು. ಆ ನಡಿಗೆಯೇ ತನ್ನ ದೇಹವನ್ನು ಕಾಯಿತೆಂದು ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದನು. 1891ರ ಜೂನ 10ರಂದು ಬ್ಯಾರಿಸ್ಟರನಾದ ಆ ತರುಣನೇ 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಮಹಾತ್ಮಾ ಗಾಂಧಿಯವರು. ಇನ್ನೂ ಒಂದು ಮಾತನ್ನು ಮರೆಯಬಾರದು. ಮುಂಬಯಿಯಲ್ಲಿ ಮೊದಲನೆಯ ಖಟ್ಲೆಗೆ ನಿಂತಾಗ ಅವರಿಗೆ ಬಾಯಿಯೇ ಹೊರಡಲಿಲ್ಲ. ಆ ಖಟ್ಲೆಯನ್ನು ಬಿಟ್ಟುಕೊಟ್ಟರು. ಮೊದಲನೆಯ ಸೋಲಿನಿಂದ ಯಾರ ಬಾಳೂ ಮುಗಿಯುವದಿಲ್ಲವೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಡಾಕ್ಟರ್ ಅಂಬೇಡಕರರ ಹೆಸರನ್ನು ಎತ್ತಿ "ಅವರು ಹಗಲಿರುಳು ಓದಲಿಲ್ಲವೇ?" ಎಂದು ಕೆಲವು ವಿದ್ಯಾರ್ಥಿಗಳು ವಾದಿಸುವದುಂಟು. ಓದಿದರು, ನಿಜ. 1916ರಲ್ಲಿ ಲಂಡನ್ನಿನಲ್ಲಿ ಕಾಯದೆಗೂ ಅರ್ಥಶಾಸ್ತ್ರಕ್ಕೂ ಹೆಸರು ಹಚ್ಚಿದ ಅವರು, ಬಡೋದೆಯ ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಹಿಂದಿರುಗಬೇಕಾಯಿತು. ಹಣ ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೋದರು. ಅವರ ಕಾಲಕ್ಕೆ ಅವರ ಜನಕ್ಕೆ ಬೇರೆ ದಾರಿಯಿರಲಿಲ್ಲ. ಆದರೆ ಅದೇ ಮಹಾನುಭಾವರು ಸಂವಿಧಾನದ ಕರಡನ್ನು ರಚಿಸುವ ಕಾಲಕ್ಕೆ ಮಧುಮೇಹದಿಂದ ಬಳಲುತ್ತಿದ್ದರು. 1956ರಲ್ಲಿ, 65 ವರ್ಷ ವಯಸ್ಸಿಗೇ ದೇಶವು ಅವರನ್ನು ಕಳೆದುಕೊಂಡಿತು. ಅವರು ಪಟ್ಟ ಪಾಡನ್ನು ನೀವು ಪಡಬಾರದೆಂದೇ ಅವರು ಅಷ್ಟು ದುಡಿದರು. ಅವರ ಅಧ್ಯಯನದ ನಿಷ್ಠೆಯನ್ನು ಅನುಕರಿಸಿರಿ. ನಿದ್ದೆಗೇಡಿತನವನ್ನು ಅವರ ಹೆಸರಿನಲ್ಲಿ ಸಮರ್ಥಿಸಬೇಡಿರಿ.

ನಿದ್ದೆಯ ಮಾತು ಬಂತಾಗಿ ಇನ್ನೆರಡು ಮಾತು. ಪ್ರಾಯದವರಿಗೆ ರಾತ್ರಿ ಏಳು ತಾಸಿಗೆ ಕಡಿಮೆಯಾದ ನಿದ್ದೆಯು ಸಾಲದೆಂದು ವೈದ್ಯರು ಹೇಳುತ್ತಾರೆ. 2000ದಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, 17ರಿಂದ 19 ತಾಸು ಸತತವಾಗಿ ಎಚ್ಚರವಿದ್ದವನ ಚುರುಕುತನವು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯವಿದ್ದವನ ಮಟ್ಟಕ್ಕೆ ಇಳಿದದ್ದು ಕಂಡುಬಂದಿತು. ಹೆಂಡ ಕುಡಿದು ಪರೀಕ್ಷೆಗೆ ಕೂಡ್ರುವ ಮಗನನ್ನು ಯಾವ ತಂದೆ ಸಹಿಸುವನು? ಆದರೆ ಇಡಿಯ ರಾತ್ರಿ ಎಚ್ಚರವಿದ್ದು ಹೋಗುವ ಮಗನನ್ನು ನಾವೇ "ಭೇಷ್" ಎಂದು ಹೊಗಳುತ್ತೇವೆ! ನಿದ್ದೆಯಲ್ಲಿ ಮೆದುಳು ಹಗಲಿನ ಪಾಠವನ್ನು ನೆಲೆಗೊಳಿಸುತ್ತದೆ. ಕಬ್ಬಿನ ರಸವು ಕೊಪ್ಪರಿಗೆಯಲ್ಲಿ ಕುದಿದರಷ್ಟೇ ಬೆಲ್ಲವಾಗಲಿಲ್ಲ. ಇಳಿಸಿ ಆರಲು ಬಿಡಬೇಕು. ಇನ್ನು ಮೊಬೈಲು. ಅದರಲ್ಲಿ ಇಂದು ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳೆಲ್ಲ ದೊರೆಯುತ್ತವೆ. ಅದನ್ನು ತೊರೆಯಿರೆಂದು ನಾನು ಹೇಳಲಾರೆ. ಓದುವ ನಾಲ್ಕು ತಾಸು ಅದು ಬೇರೆ ಕೋಣೆಯಲ್ಲಿರಲಿ, ಮಲಗುವಾಗ ದಿಂಬಿನಿಂದ ದೂರವಿರಲಿ, ಇಷ್ಟೇ ಸಾಕು.

ಇನ್ನು ಹೇಳಲಿರುವದು ಸ್ವಲ್ಪ ಕಠಿಣವಾದ ವಿಷಯ. ಹಿರಿಯರು ಲಕ್ಷ್ಯಗೊಟ್ಟು ಕೇಳಬೇಕು. 2016ರಲ್ಲಿ ದಿಲ್ಲಿಯ ಕಡೆಯ ಒಬ್ಬ ಕಾಯದೆಯ ವಿದ್ಯಾರ್ಥಿಯು ಹಾಜರಿ ಸಾಲದೆಂದು ಪರೀಕ್ಷೆಗೆ ಕೂಡ್ರಗೊಡದೆ ಇದ್ದಾಗ ತನ್ನ ಪ್ರಾಣವನ್ನೇ ತೆಗೆದುಕೊಂಡನು. 2008ರ ನಿಯಮಗಳು ನೂರಕ್ಕೆ 70ರಷ್ಟು ಹಾಜರಿಯನ್ನು ವಿಧಿಸಿದ್ದವು. ಆ ಪ್ರಕರಣವು ವರ್ಷಗಳವರೆಗೆ ವಿಚಾರಣೆಯಾಗಿ, ಹಾಜರಿಯ ಕೊರತೆಯೊಂದರಿಂದಲೇ ಯಾವ ಕಾಯದೆಯ ವಿದ್ಯಾರ್ಥಿಯನ್ನೂ ಪರೀಕ್ಷೆಯಿಂದ ತಡೆಯಬಾರದೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು 2025ರ ನವಂಬರ 3ರಂದು ನಿರ್ಣಯವಿತ್ತಿತು. ಅದೇ ವರ್ಷದ ಜುಲೈದಲ್ಲಿ ಸರ್ವೋಚ್ಚ ನ್ಯಾಯಾಲಯವು ಮನಸ್ಸಿನ ಸ್ವಾಸ್ಥ್ಯವು 21ನೆಯ ಅನುಚ್ಛೇದದ ಜೀವಿತದ ಹಕ್ಕಿನಲ್ಲಿಯೇ ಅಡಕವೆಂದು ಸಾರಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳುಳ್ಳ ಶಿಕ್ಷಣಸಂಸ್ಥೆಗಳಲ್ಲಿ ಮನಃಶಾಸ್ತ್ರ ಬಲ್ಲ ಸಲಹೆಗಾರರಿರಬೇಕೆಂದು ಆದೇಶಿಸಿತು. ಈ ತೀರ್ಪುಗಳನ್ನು ತರಗತಿಗೆ ಹೋಗದೆ ಇರಲು ನೆವವನ್ನಾಗಿ ಮಾಡಿಕೊಳ್ಳಬೇಡಿರಿ. ಪಾಠಕ್ಕೆ ಕುಳಿತವನಿಗೆ ಅರ್ಧ ಓದು ಅಲ್ಲಿಯೇ ಆಗುತ್ತದೆ. ಆದರೆ ನಮ್ಮ ಸಂಸ್ಥೆಗಳನ್ನು ನಡೆಸುವವರು ಈ ಆದೇಶವನ್ನು ಕಪಾಟಿನಲ್ಲಿ ಇಡದೆ ಕಾರ್ಯಕ್ಕೆ ತರಲಿ ಎಂದು ಕೇಳುವ ಅಧಿಕಾರವು ನಮಗೆಲ್ಲರಿಗೂ ಇದೆ.

ಮನಸ್ಸು ಕುಸಿಯುವದನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳ್ಳೆದೆಯೆಂದೋ, ಮೈಗಳ್ಳತನವೆಂದೋ ಕರೆಯುತ್ತಾರೆ. ಇದು ಸಲ್ಲದು. ಎರಡು ವಾರಗಳವರೆಗೆ ನಿದ್ದೆ ಬಾರದಿದ್ದರೆ, ಅನ್ನ ಸೇರದಿದ್ದರೆ, ಮೊದಲು ಪ್ರಿಯವಾಗಿದ್ದ ಆಟಪಾಟಗಳಲ್ಲಿ ಮನಸ್ಸು ನಿಲ್ಲದಿದ್ದರೆ, "ನಾನು ಯಾರಿಗೂ ಬೇಡ" ಎಂಬ ಮಾತು ಬಾಯಲ್ಲಿ ಬಂದರೆ, ಜ್ವರ ಬಂದವನನ್ನು ವೈದ್ಯನ ಬಳಿಗೆ ಒಯ್ಯುವಂತೆ ಅವನನ್ನೂ ಒಯ್ಯಬೇಕು. ಧಾರವಾಡದಲ್ಲಿ ಮನೋವೈದ್ಯಕೀಯ ಸಂಸ್ಥೆಯಿದೆ. ಅಷ್ಟು ದೂರ ಹೋಗುವದಕ್ಕೆ ಮುಂಚೆ 14416 ಎಂಬ ದೂರವಾಣಿಯ ಸಂಖ್ಯೆಯಿದೆ. ಟೆಲಿ-ಮಾನಸ್ ಎಂಬ ಈ ವ್ಯವಸ್ಥೆಯನ್ನು ಸರಕಾರವು 2022ರ ಅಕ್ಟೋಬರ 10ರಂದು ಆರಂಭಿಸಿತು. ಹಗಲಿರುಳು ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಕಾಯದೆಯ ವಿದ್ಯಾರ್ಥಿಗಳು ಇನ್ನೊಂದನ್ನೂ ಊರಿಗೆ ತಿಳಿಸಿ ಹೇಳಬೇಕು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ಶಿಕ್ಷಿಸುತ್ತಿದ್ದ ಹಳೆಯ 309ನೆಯ ಕಲಮು ಹೊಸ ಸಂಹಿತೆಯಲ್ಲಿ ಆ ರೂಪದಲ್ಲಿ ಉಳಿದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯದೆಯ 115ನೆಯ ಕಲಮು ಅಂಥವನು ತೀವ್ರವಾದ ಮನೋವ್ಯಥೆಯಲ್ಲಿದ್ದನೆಂದೇ ಭಾವಿಸಿ, ಅವನಿಗೆ ಆರೈಕೆಯನ್ನು ಒದಗಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಪೋಲೀಸರ ಭಯದಿಂದ ಮನೆಯವರು ಮುಚ್ಚಿಡುವ ಕಾರಣವೇ ಇನ್ನಿಲ್ಲ. ಕಾಯದೆಯು ಕರುಣೆಯನ್ನು ಕಲಿತಿದೆ, ನಾವು ಕಲಿಯಬಾರದೇ?

ಅಮೇರಿಕದ ಶೆಲ್ಡನ್ ಮತ್ತು ಕ್ರೀಗರ್ ಎಂಬ ಪ್ರಾಧ್ಯಾಪಕರು 2004ರಲ್ಲಿ ಕಾಯದೆಯ ವಿದ್ಯಾರ್ಥಿಗಳನ್ನು ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿದರು. ಕಾಲೇಜಿಗೆ ಬರುವಾಗ ಸುಖಸಮಾಧಾನಗಳಲ್ಲಿ ಯಾರಿಗೂ ಕಡಿಮೆಯಿಲ್ಲದ ಆ ತರುಣರು ಮೊದಲನೆಯ ವರ್ಷದಲ್ಲಿಯೇ ಕುಗ್ಗುತ್ತ ಹೋಗುವದನ್ನು ಅವರು ಕಂಡರು. ಅದರೊಡನೆ ಒಂದು ಸೂಕ್ಷ್ಮವನ್ನೂ ಕಂಡರು: ಜನರಿಗೆ ನೆರವಾಗಬೇಕು, ನ್ಯಾಯ ದೊರಕಿಸಬೇಕು ಎಂಬ ಒಳಗಿನ ಪ್ರೇರಣೆಯು ಸೊರಗಿ, ಹೆಸರು, ತೋರಿಕೆ ಎಂಬ ಹೊರಗಿನ ಪ್ರೇರಣೆಯು ಅದರ ಸ್ಥಾನಕ್ಕೆ ಬರುತ್ತಿತ್ತು. ಇದರಲ್ಲಿ ನಮಗೆ ದೊಡ್ಡ ಪಾಠವಿದೆ. ನೀವು ಕಾಯದೆಯನ್ನು ಏಕೆ ಓದಹತ್ತಿದಿರಿ? ನಿಮ್ಮ ಓಣಿಯಲ್ಲಿ ಅಣ್ಣತಮ್ಮಂದಿರು ಬದುವಿನ ಸಲುವಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದದ್ದನ್ನು ಕಂಡು ಓದಹತ್ತಿರಬಹುದು. ತವರಿನ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು 2005ರ ತಿದ್ದುಪಡಿಯು ಹೇಳಿದ್ದರೂ ಹಕ್ಕುಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಅಕ್ಕನನ್ನು ಕಂಡು ಓದಹತ್ತಿರಬಹುದು. ಆ ಕಾರಣವನ್ನು ನಿಮ್ಮ ವಹಿಯ ಮೊದಲ ಪುಟದಲ್ಲಿ ಬರೆದಿಡಿರಿ. ತಿಂಗಳಿಗೊಮ್ಮೆ ನ್ಯಾಯಾಲಯದಲ್ಲಿ ಅರ್ಧ ದಿನ ಸುಮ್ಮನೆ ಕುಳಿತು ಉಲಟುತಪಾಸಣೆಯನ್ನು ನೋಡಿರಿ. ಹುಕ್ಕೇರಿಗೋ ಗೋಕಾವಿಗೋ ಹೋದರೂ ಆದೀತು. ಪುಸ್ತಕದಲ್ಲಿ ಸತ್ತಂತೆ ಬಿದ್ದ ಸಾಕ್ಷ್ಯದ ಕಾಯದೆಯು ಅಲ್ಲಿ ಎದ್ದು ಮಾತಾಡುವದು. ಬೇಸರವು ತಾನಾಗಿ ಹರಿಯುವದು.

ತಂದೆತಾಯಿಗಳಿಗೆ ಒಂದು ಮಾತು. ಕಬ್ಬು ಕಡಿಯುವ ಹಂಗಾಮಿಗೂ ಪರೀಕ್ಷೆಯ ಹಂಗಾಮಿಗೂ ಒಮ್ಮೊಮ್ಮೆ ಗಂಟು ಬೀಳುತ್ತದೆ. ಕಾರಖಾನೆಯಿಂದ ಕಡಿತದ ಸರದಿ ಬಂದಾಗ ಮನೆಯಲ್ಲಿ ಎಲ್ಲ ಕೈಗಳೂ ಬೇಕೆಂಬದನ್ನು ನಾನು ಬಲ್ಲೆ. ಆದರೂ ಷಣ್ಮಾಸಿಕದ ಆರಂಭದಲ್ಲಿಯೇ ಮಕ್ಕಳೊಡನೆ ಕುಳಿತು, ಯಾವ ವಾರದಲ್ಲಿ ಅವರನ್ನು ಹೊಲಕ್ಕೆ ಕರೆಯಬೇಕು, ಯಾವ ವಾರದಲ್ಲಿ ಕರೆಯಬಾರದು ಎಂಬದನ್ನು ಗೊತ್ತುಮಾಡಿರಿ. ಮಗಳು ಓದುತ್ತಿದ್ದರೆ ಅವಳ ನಾಲ್ಕು ತಾಸುಗಳನ್ನು ಒಲೆಯ ಮುಂದೆ ಕಳೆಯಿಸಬೇಡಿರಿ. ಮಗನಿಗೆ ಕೊಟ್ಟ ಬಾಗಿಲು ಮುಚ್ಚಿದ ಕೋಣೆಯನ್ನು ಅವಳಿಗೂ ಕೊಡಿರಿ. ಒಂದು ವಿಷಯದಲ್ಲಿ ನಪಾಸಾದರೆ "ಮಾನ ಹೋಯಿತು" ಎನ್ನಬೇಡಿರಿ. ಪರೀಕ್ಷೆಯು ಮತ್ತೆ ಬರುವದು. ಮಗನು ಮತ್ತೆ ಬರಲಾರನು.

ಶಿಕ್ಷಕ ಬಂಧುಗಳೇ, ನಿಮ್ಮ ಶಾಲೆಯ ಒಂದು ಕೋಣೆಯನ್ನು ಸಂಜೆಯ ಮೂರು ತಾಸು ತೆರೆದಿಡಬಲ್ಲಿರಾದರೆ, ಮನೆಯಲ್ಲಿ ಎಡೆಯಿಲ್ಲದ ಹತ್ತು ಮಕ್ಕಳಿಗೆ ಅದು ದೊಡ್ಡ ದಾನ. ಒಂದು ದೀಪ, ಎರಡು ಮೇಜು, ಸಂವಿಧಾನದ ಒಂದು ಕನ್ನಡ ಪ್ರತಿ, ಒಂದು ಕಾಯದೆಯ ಪದಕೋಶ. ಇಷ್ಟು ಕೂಡಿಸುವದು ಈ ಊರಿಗೆ ಭಾರವಲ್ಲ. ಅನ್ನದಾಸೋಹದ ಪರಂಪರೆಯುಳ್ಳ ನಾಡಿದು, ವಿದ್ಯಾದಾಸೋಹಕ್ಕೆ ಹಿಂಜರಿದೀತೇ? ವಕೀಲ ಮಿತ್ರರಲ್ಲಿ ಕೂಡ ಬೇಡಿಕೊಳ್ಳುವೆನು: ನಿಮ್ಮ ಕಚೇರಿಗೆ ಬರುವ ವಿದ್ಯಾರ್ಥಿಗೆ ನಕಲು ಬರೆಯುವ ಕೆಲಸವನ್ನಷ್ಟೇ ಕೊಡದೆ, ವಾರಕ್ಕೊಂದು ದಾವೆಯ ಕಾಗದಗಳನ್ನು ಅವನ ಮುಂದಿಟ್ಟು "ಇದರಲ್ಲಿ ವಿವಾದವೇನು?" ಎಂದು ಕೇಳಿರಿ. ನಿಮ್ಮ ಕಾಲು ತಾಸು ಅವನ ಹತ್ತು ತಾಸುಗಳನ್ನು ಉಳಿಸುವದು.

ವಿದ್ಯಾರ್ಥಿಗಳೇ, ನಾನು ಹೇಳಿದ್ದನ್ನೆಲ್ಲ ನಾಳೆಯಿಂದಲೇ ಮಾಡುವೆವೆಂದು ಪ್ರತಿಜ್ಞೆ ಮಾಡಬೇಡಿರಿ. ಒಮ್ಮೆಗೆ ಹೊತ್ತ ಹೊರೆಯು ಒಮ್ಮೆಗೇ ಬೀಳುವದು. ಈ ವಾರ ಮಲಗುವ ಹೊತ್ತೊಂದನ್ನು ಗೊತ್ತುಮಾಡಿರಿ. ಮುಂದಿನ ವಾರ ಪುಸ್ತಕ ಮುಚ್ಚಿ ಬರೆಯುವ ಒಂದು ತಾಸನ್ನು ಸೇರಿಸಿರಿ. ಅದರ ಮುಂದಿನ ವಾರ ನಡಿಗೆಯನ್ನು ಸೇರಿಸಿರಿ. ಆದಿತ್ಯವಾರ ರಾತ್ರಿ ವಹಿಯಲ್ಲಿ 168 ತಾಸುಗಳ ಜಮಾಖರ್ಚನ್ನು ಬರೆಯಿರಿ. ತಪ್ಪಿದ್ದಕ್ಕೆ ಗೋಳಾಡದೆ ಮುಂದಿನ ವಾರದ ಪಾಳಿಯನ್ನು ತಿದ್ದಿಕೊಳ್ಳಿರಿ. ಹೀಗೆ ಒಂದು ಷಣ್ಮಾಸಿಕವನ್ನು ನಡೆಸಿದವನಿಗೆ ಮುಂದಿನವುಗಳನ್ನು ನಡೆಸುವದು ರೂಢಿಯಾಗಿಬಿಡುವದು. ವಕೀಲಿಯೆಂಬದು ನಾಲ್ವತ್ತು ವರ್ಷದ ಓಟ. ಅದರ ಮೊದಲನೆಯ ಹರದಾರಿಯಲ್ಲಿಯೇ ಉಸಿರು ಕಟ್ಟಿ ಬೀಳಬಾರದು. ನಮ್ಮ ಹೊಲಗಳ ವ್ಯಾಜ್ಯಗಳನ್ನು ತೀರಿಸಲು, ನಮ್ಮ ಅಕ್ಕತಂಗಿಯರ ಪಾಲನ್ನು ಕೇಳಲು, ನಮ್ಮ ಮಾತಿನಲ್ಲಿ ನಮ್ಮ ನ್ಯಾಯವನ್ನು ಆಡಿ ತೋರಿಸಲು ಗಟ್ಟಿ ದೇಹದ, ತಿಳಿ ಮನಸ್ಸಿನ ವಕೀಲರು ಈ ಸೀಮೆಗೆ ಬೇಕಾಗಿದ್ದಾರೆ. ನೀವು ಅಂಥವರಾಗಿರಿ ಎಂದು ಹಾರೈಸುತ್ತೇನೆ.